ಪಾಠ ಉಚಿತ, ಮೇಷ್ಟ್ರಿಗೆ ಸಂಬಳ ಕೊಡುವವರಾರು?

ಪರಿಚಿತರೊಬ್ಬರು ಇಶಾ ನಮಾಝಿನ ಬಳಿಕ ನನ್ನನ್ನು ಮನೆಗೆ ಕರೆದೊಯ್ದರು. ಅವರ ಕಿರಿಯ ಮಗ ಬಿ.ಕಾಂ. ಮುಗಿಸಿ ವರ್ಷವಾಗಿದೆ, ಕೆಲಸ ಸಿಕ್ಕಿಲ್ಲ. ಕೆಲವು ತಿಂಗಳಿಂದ ಆತ ರಾತ್ರಿ ಒಂಬತ್ತಾದರೆ ಕೋಣೆಯ ಬಾಗಿಲು ಹಾಕಿಕೊಂಡು ಲ್ಯಾಪ್‌ಟಾಪಿನ ಮುಂದೆ ಕೂರುತ್ತಿದ್ದ. ವಿಚಾರಿಸಿದರೆ 'ಕ್ಲಾಸ್ ಇದೆ' ಎಂಬ ಉತ್ತರ. ತಂದೆಗೆ ಒಳಗೊಳಗೇ ಸಂತೋಷ. ಬೀದಿಯ ಮೂಲೆಯಲ್ಲಿ ನಿಂತು ಹರಟುವ ಬದಲು ಹುಡುಗ ಏನನ್ನೋ ಕಲಿಯುತ್ತಿದ್ದಾನಲ್ಲ! ತಂಗಿಯ ಮದುವೆಗೆಂದು ಸೌದಿಯಲ್ಲಿರುವ ಹಿರಿಯ ಮಗ ಕಳುಹಿಸಿದ್ದ ಹಣವನ್ನು ತೆಗೆಯಲು ಬ್ಯಾಂಕಿಗೆ ಹೋದಾಗ ಅದರಲ್ಲಿ ಎರಡು ಲಕ್ಷದ ಎಂಬತ್ತು ಸಾವಿರ ರೂಪಾಯಿ ಕಡಿಮೆಯಿತ್ತು. ಕಲಿಕೆಯ ಬೆಲೆ ಅಂದು ತಿಳಿಯಿತು.

ಹುಡುಗ ಅಳಲಿಲ್ಲ, ಸುಳ್ಳನ್ನೂ ಹೇಳಲಿಲ್ಲ. "ತಪ್ಪು ಕಂಪೆನಿಯದ್ದಲ್ಲ ಅಂಕಲ್, ನನ್ನದೇ. ನಾನು ಕಲಿತದ್ದು ಸಾಲಲಿಲ್ಲ. ಅಡ್ವಾನ್ಸ್ ಕ್ಲಾಸ್ ಮುಗಿಸಿದರೆ ಎಲ್ಲವೂ ವಾಪಸ್ ಬರುತ್ತದೆ" ಎಂದ. ಹಣ ಹೋದದ್ದಕ್ಕಿಂತ ಹೆಚ್ಚಾಗಿ ನನ್ನನ್ನು ಕಾಡಿದ್ದು ಈ ಮಾತು. ಸೋತವನೇ ತನ್ನ ಸೋಲಿನ ಹೊಣೆ ಹೊತ್ತು, ಸೋಲಿಸಿದವನ ಬಳಿಯೇ ಮತ್ತೆ ಪಾಠಕ್ಕೆ ಹೋಗಬೇಕೆನ್ನುವಂತೆ ಮಾಡುವ ಆ ಶಿಕ್ಷಣ ಎಂತಹುದು? ಅದನ್ನು ತಿಳಿಯಲೆಂದೇ ಮುಂದಿನ ಎರಡು ವಾರಗಳಲ್ಲಿ ವಿದೇಶಿ ಕರೆನ್ಸಿ ವ್ಯಾಪಾರದ ಬ್ರೋಕರ್ ಕಂಪೆನಿಗಳು ನಡೆಸುವ ಇಂತಹ ನಾಲ್ಕು 'ವೆಬಿನಾರ್'ಗಳಲ್ಲಿ ನಾನು ಕುಳಿತೆ. ಎರಡು ಇಂಗ್ಲಿಷಿನಲ್ಲಿ, ಒಂದು ಹಿಂದಿಯಲ್ಲಿ, ಇನ್ನೊಂದು ದುಬೈಯಿಂದ ಮಲಯಾಳಂನಲ್ಲಿ. ಎಲ್ಲವೂ ಉಚಿತ. ಹೆಸರು ಮತ್ತು ಮೊಬೈಲ್ ಸಂಖ್ಯೆ ಕೊಟ್ಟರೆ ಸಾಕು.

ಮೊದಲು ನ್ಯಾಯದ ಮಾತು. ಅಲ್ಲಿ ಹೇಳಿದ್ದೆಲ್ಲವೂ ಸುಳ್ಳಲ್ಲ. ಅಮೇರಿಕದ ಫೆಡರಲ್ ರಿಸರ್ವ್ ಬಡ್ಡಿದರ ಏರಿಸಿದರೆ ಡಾಲರ್ ಯಾಕೆ ಬಲಗೊಳ್ಳುತ್ತದೆ, ತೈಲಬೆಲೆಗೂ ನಮ್ಮ ರೂಪಾಯಿಗೂ ಏನು ನಂಟು, ಸಾಮಾನ್ಯವಾಗಿ ತಿಂಗಳ ಮೊದಲ ಶುಕ್ರವಾರ ಹೊರಬೀಳುವ ಅಮೇರಿಕದ ಉದ್ಯೋಗ ಅಂಕಿಅಂಶಗಳಿಗಾಗಿ ಜಗತ್ತಿನ ಮಾರುಕಟ್ಟೆಗಳು ಯಾಕೆ ಕಾದು ಕೂರುತ್ತವೆ ಎಂಬುದನ್ನು ಒಬ್ಬ ಉಪನ್ಯಾಸಕರು ಬಹಳ ಚೆನ್ನಾಗಿ ವಿವರಿಸಿದರು. 1997ರಿಂದ ಯುಎಇ ದಿರ್ಹಮ್ ಒಂದು ಡಾಲರಿಗೆ 3.6725ರಂತೆಯೂ, ಸೌದಿ ರಿಯಾಲ್ 1986ರಿಂದ 3.75ರಂತೆಯೂ ಕಟ್ಟಲ್ಪಟ್ಟಿವೆ. ಆದ್ದರಿಂದ ಊರಿಗೆ ಹಣ ಕಳುಹಿಸುವ ಗಲ್ಫ್ ಉದ್ಯೋಗಿಯು ಗಮನಿಸಬೇಕಾದದ್ದು ದಿರ್ಹಮನ್ನಲ್ಲ, ಡಾಲರ್ ಮತ್ತು ರೂಪಾಯಿಯನ್ನು ಎಂಬ ಸರಳ ಪಾಠ ನಮ್ಮ ಕರಾವಳಿಯ ಎಷ್ಟು ಮನೆಗಳಿಗೆ ಗೊತ್ತಿದೆ? ನಮ್ಮ ಕಾಲೇಜುಗಳು ಇದನ್ನು ಕಲಿಸುವುದಿಲ್ಲ, ನಮ್ಮ ಸಂಘಟನೆಗಳು ಕಲಿಸುವುದಿಲ್ಲ. ಖಾಲಿ ಬಿದ್ದ ಜಾಗದಲ್ಲಿ ಬ್ರೋಕರ್ ಬಂದು ಬೋರ್ಡು ನೆಟ್ಟು ಕಲಿಸುತ್ತಿದ್ದಾನೆ. ಈ ತಪ್ಪಿನಲ್ಲಿ ನಮ್ಮ ಪಾಲೂ ಇದೆ.

ಆದರೆ ಒಂದು ಪಾಠವನ್ನು ಅಳೆಯುವುದು ಅದರಲ್ಲಿ ಹೇಳಿದ್ದರಿಂದ ಮಾತ್ರವಲ್ಲ, ಹೇಳದೆ ಬಿಟ್ಟದ್ದರಿಂದ ಕೂಡಾ.

ನಾಲ್ಕೂ ತರಗತಿಗಳು ಆರಂಭವಾದದ್ದು ಒಂದೇ ಅಂಕಿಯಿಂದ. ಜಗತ್ತಿನ ವಿದೇಶಿ ವಿನಿಮಯ ಮಾರುಕಟ್ಟೆಯಲ್ಲಿ ದಿನವೊಂದಕ್ಕೆ ನಡೆಯುವ ವಹಿವಾಟು ಲಕ್ಷಾಂತರ ಕೋಟಿ ಡಾಲರುಗಳಾಗಿದ್ದು, ಈ ಸಾಗರದಿಂದ ನಿಮಗೊಂದು ಬೊಗಸೆ ನೀರು ಬೇಡವೇ ಎಂಬ ಪ್ರಶ್ನೆ. ಅಂಕಿ ಸರಿಯಾಗಿಯೇ ಇದೆ. ಅಂತಾರಾಷ್ಟ್ರೀಯ ಇತ್ಯರ್ಥ ಬ್ಯಾಂಕು ಮೂರು ವರ್ಷಗಳಿಗೊಮ್ಮೆ ನಡೆಸುವ ಸಮೀಕ್ಷೆಯ ಪ್ರಕಾರ 2022ರ ಎಪ್ರಿಲ್‌ನಲ್ಲಿ ಇದು ದಿನಕ್ಕೆ 7.5 ಟ್ರಿಲಿಯನ್ ಡಾಲರ್, 2025ರ ಎಪ್ರಿಲ್‌ನಲ್ಲಿ 9.6 ಟ್ರಿಲಿಯನ್. ಆದರೆ ಆ ಸಾಗರ ದೊಡ್ಡ ಬ್ಯಾಂಕುಗಳದ್ದು, ನಿಧಿಗಳದ್ದು, ರಫ್ತು-ಆಮದು ಮಾಡುವ ಉದ್ದಿಮೆಗಳದ್ದು. ಹುಡುಗನೊಬ್ಬ ಮೊಬೈಲಿನಲ್ಲಿ 'ಬೈ' ಎಂದು ಒತ್ತಿದಾಗ ಆ ಆದೇಶ ಅನೇಕ ವೇಳೆ ಸಾಗರವನ್ನು ತಲುಪುವುದೇ ಇಲ್ಲ. ಬ್ರೋಕರನೇ ಎದುರಾಳಿಯಾಗಿ ನಿಂತು ಅದನ್ನು ತನ್ನ ಲೆಕ್ಕದ ಪುಸ್ತಕದಲ್ಲೇ ಇಟ್ಟುಕೊಳ್ಳುತ್ತಾನೆ. ಹುಡುಗ ಸೋತರೆ ಬ್ರೋಕರನಿಗೆ ಲಾಭ, ಗೆದ್ದರೆ ನಷ್ಟ. ಇದು ಊಹೆಯಲ್ಲ. ಎಫ್‌ಎಕ್ಸ್‌ಸಿಎಂ ಎಂಬ ಪ್ರಸಿದ್ಧ ಕಂಪೆನಿಯು ತಾನು ಗ್ರಾಹಕರ ಎದುರಾಳಿಯಲ್ಲವೆಂದು ಪ್ರಚಾರ ಮಾಡುತ್ತಲೇ, ಎದುರಾಳಿಯಾಗಿ ನಿಂತ ಸಂಸ್ಥೆಯೊಂದರಲ್ಲಿ ತನಗಿದ್ದ ಹಿತಾಸಕ್ತಿಯನ್ನು ಮುಚ್ಚಿಟ್ಟಿತ್ತೆಂದು ಅಮೇರಿಕದ ನಿಯಂತ್ರಕರು 2017ರಲ್ಲಿ ಹೇಳಿ, 70 ಲಕ್ಷ ಡಾಲರ್ ದಂಡ ವಿಧಿಸಿದರು. ಕಂಪೆನಿ ಆ ದೇಶದಿಂದಲೇ ಹೊರನಡೆಯಬೇಕಾಯಿತು. ಇನ್ನು ಯೋಚಿಸಿ: ವಿದ್ಯಾರ್ಥಿ ನಪಾಸಾದರೆ ಮಾತ್ರ ಆದಾಯ ಹೆಚ್ಚುವ ಶಾಲೆಯೊಂದು ಇದ್ದರೆ, ನಿಮ್ಮ ಮಗನನ್ನು ಅಲ್ಲಿಗೆ ಸೇರಿಸುವಿರಾ?

ಉಪನ್ಯಾಸಕರ ವಿಷಯವೂ ಹಾಗೆಯೇ. ಅವರು ಸಂಬಳದ ಅಧ್ಯಾಪಕರೇ ಆಗಿರಬೇಕೆಂದಿಲ್ಲ. ಬಹಳಷ್ಟು ಮಂದಿ 'ಇಂಟ್ರೊಡ್ಯೂಸಿಂಗ್ ಬ್ರೋಕರ್' ಎಂಬ ಹೆಸರಿನ ದಲ್ಲಾಳಿಗಳು. ತಾವು ಸೇರಿಸಿದ ಗ್ರಾಹಕ ಮಾಡುವ ಪ್ರತಿಯೊಂದು ವಹಿವಾಟಿನ ಮೇಲೂ, ಅದು ಲಾಭವಾಗಲಿ ನಷ್ಟವಾಗಲಿ, ಅವರಿಗೆ ಇಂತಿಷ್ಟು ಎಂದು ಕಮಿಷನ್ ಸಲ್ಲುತ್ತದೆ. ಕಲಿಸುವವನ ಆದಾಯ ಕಲಿತವನ ಲಾಭದಿಂದಲ್ಲ, ಆತ ಎಷ್ಟು ಬಾರಿ ಗುಂಡಿ ಒತ್ತುತ್ತಾನೆ ಎಂಬುದರಿಂದ ಬರುತ್ತದೆ ಎಂದಮೇಲೆ, "ಇಂದು ಸುಮ್ಮನಿರುವುದೇ ಲೇಸು" ಎಂದು ಪಾಠ ಹೇಳುವ ಗುರು ಅಲ್ಲಿ ಯಾಕೆ ಸಿಗುತ್ತಾನೆ? ನಾಲ್ಕು ತರಗತಿಗಳ ಸುಮಾರು ಆರು ಗಂಟೆಗಳಲ್ಲಿ ಆ ಮಾತನ್ನು ನಾನು ಒಮ್ಮೆಯೂ ಕೇಳಲಿಲ್ಲ.

ವೆಚ್ಚದ ಲೆಕ್ಕವನ್ನಂತೂ ಅವಸರದಿಂದ ದಾಟಿಸಿಬಿಡುತ್ತಾರೆ. ಆದ್ದರಿಂದ ಅದನ್ನು ಇಲ್ಲಿ ಬಿಡಿಸಿ ಹೇಳುವೆ. ಹುಡುಗನ ಖಾತೆಯಲ್ಲಿ 300 ಡಾಲರ್ ಇದೆಯೆನ್ನಿ. ಕಂಪೆನಿಯು 1:500 'ಲಿವರೇಜ್' ಕೊಡುತ್ತದೆ. ಅಂದರೆ ಒಂದಕ್ಕೆ ಐನೂರು ಪಟ್ಟು. ಆ 300 ಡಾಲರಿನ ಬಲದಲ್ಲಿ ಒಂದೂವರೆ ಲಕ್ಷ ಡಾಲರ್ ಮೌಲ್ಯದ ಕರೆನ್ಸಿಯ ಮೇಲೆ ಆತ ಪಣ ಕಟ್ಟಬಹುದು. ಯೂರೋ-ಡಾಲರ್ ಜೋಡಿಯಲ್ಲಿ ಒಂದು ಪೂರ್ಣ 'ಲಾಟ್' ಎಂದರೆ ಒಂದು ಲಕ್ಷ ಯೂರೋ. ದರದ ನಾಲ್ಕನೆಯ ದಶಮಾಂಶ ಸ್ಥಾನದಲ್ಲಿ ಒಂದಂಕಿ ಬದಲಾದರೆ, ಅದನ್ನು 'ಪಿಪ್' ಎನ್ನುತ್ತಾರೆ, ಹತ್ತು ಡಾಲರ್ ಹೆಚ್ಚುಕಮ್ಮಿ. ಮೂವತ್ತು ಪಿಪ್ ವಿರುದ್ಧವಾಗಿ ಸರಿದರೆ ಮುನ್ನೂರು ಡಾಲರೂ ಮಾಯ. ವಾಸ್ತವದಲ್ಲಿ ಅದಕ್ಕೂ ಮೊದಲೇ ಗಣಕವು ಆತನ ವಹಿವಾಟನ್ನು ತಾನಾಗಿ ಮುಚ್ಚಿಬಿಡುತ್ತದೆ. ಮೂವತ್ತು ಪಿಪ್ ಎಂದರೆ ಶೇಕಡಾ ಕಾಲು ಭಾಗದಷ್ಟು ಏರಿಳಿತ, ಯಾವುದೇ ಸಾಮಾನ್ಯ ದಿನದಲ್ಲಿ ಚಹಾ ಕುಡಿದು ಮುಗಿಸುವುದರೊಳಗೆ ಸಂಭವಿಸಬಹುದಾದದ್ದು. ಇನ್ನು ಕೊಳ್ಳುವ ದರಕ್ಕೂ ಮಾರುವ ದರಕ್ಕೂ ನಡುವಿನ ಅಂತರವಾದ 'ಸ್ಪ್ರೆಡ್' ಒಂದು ಪಿಪ್ ಇದೆಯೆಂದರೆ, ವಹಿವಾಟು ಆರಂಭಿಸುವ ಕ್ಷಣದಲ್ಲೇ ಹತ್ತು ಡಾಲರ್ ನಷ್ಟ. ದಿನಕ್ಕೆ ಐದು ವಹಿವಾಟಾದರೆ ಐವತ್ತು. ಆರು ದಿನಗಳಲ್ಲಿ ಸ್ಪ್ರೆಡ್ ಒಂದೇ ಇಡೀ ಬಂಡವಾಳಕ್ಕೆ ಸಮ. ಕೈಹಿಡಿದು ಕಲಿಸುವವರು ಮೊದಲ ದಿನವೇ ಹೇಳಬೇಕಾಗಿದ್ದ ಈ ಗುಣಾಕಾರವನ್ನು ಹೇಳಲು ಐದನೆಯ ತರಗತಿಯ ಗಣಿತ ಸಾಕು.

ಇದಕ್ಕೆ ಅವರಲ್ಲಿ ಸಿದ್ಧ ಉತ್ತರವೊಂದಿದೆ: ಸ್ಟಾಪ್ ಲಾಸ್. ನಷ್ಟ ಇಷ್ಟಕ್ಕೆ ತಲುಪಿದರೆ ತಾನಾಗಿ ಮಾರಿಬಿಡು ಎಂದು ಮೊದಲೇ ಆದೇಶ ಕೊಟ್ಟಿಡುವ ವ್ಯವಸ್ಥೆ. ಒಳ್ಳೆಯ ಅಭ್ಯಾಸವೇ. ಆದರೆ 2015ರ ಜನವರಿ 15ರಂದು ಏನಾಯಿತೆಂದು ಯಾವ ತರಗತಿಯೂ ಹೇಳಲಿಲ್ಲ. ಒಂದು ಯೂರೋಗೆ 1.20 ಫ್ರಾಂಕ್‌ಗಿಂತ ಕೆಳಗಿಳಿಯಲು ಬಿಡೆವು ಎಂದು ಮೂರು ವರ್ಷಗಳಿಗೂ ಹೆಚ್ಚು ಕಾಲ ಕಾವಲು ನಿಂತಿದ್ದ ಸ್ವಿಸ್ ಕೇಂದ್ರ ಬ್ಯಾಂಕು ಅಂದು ಬೆಳಿಗ್ಗೆ ಮುನ್ಸೂಚನೆಯಿಲ್ಲದೆ ಹಿಂದೆ ಸರಿಯಿತು. ನಿಮಿಷಗಳಲ್ಲಿ ದರ ಪ್ರಪಾತಕ್ಕೆ ಬಿತ್ತು. ಸ್ಟಾಪ್ ಲಾಸ್ ಇಟ್ಟ ದರದಲ್ಲಿ ಕೊಳ್ಳುವವರೂ ಇರಲಿಲ್ಲ, ಮಾರುವವರೂ ಇರಲಿಲ್ಲ. ಠೇವಣಿ ಕಳೆದುಕೊಂಡದ್ದು ಸಾಲದೆಂಬಂತೆ ಸಾವಿರಾರು ಗ್ರಾಹಕರು ಬ್ರೋಕರನಿಗೇ ಸಾಲಗಾರರಾದರು. ಎಫ್‌ಎಕ್ಸ್‌ಸಿಎಂ ಒಂದಕ್ಕೇ ಗ್ರಾಹಕರಿಂದ ಬರಬೇಕಾದ ಮೊತ್ತ 22.5 ಕೋಟಿ ಡಾಲರ್ ಆಯಿತು. ಅಲ್ಪಾರಿಯ ಬ್ರಿಟನ್ ಶಾಖೆ ದಿವಾಳಿಯಾಯಿತು. ಕಲಿಸುವವರೇ ಮುಳುಗಿದ ದಿನವದು.

ಇಷ್ಟೆಲ್ಲ ಇದ್ದರೂ, ಗೆಲ್ಲುವವರೂ ಇರಬೇಕಲ್ಲ ಎಂದು ಯಾರಾದರೂ ಕೇಳಬಹುದು. ಇದ್ದಾರೆ. ಎಷ್ಟು ಮಂದಿ ಎಂಬುದನ್ನು ಅಳೆದು ನೋಡಲಾಗಿದೆ. ಫ್ರಾನ್ಸಿನ ಹಣಕಾಸು ಮಾರುಕಟ್ಟೆ ಪ್ರಾಧಿಕಾರವು 2009ರಿಂದ 2012ರ ವರೆಗಿನ ನಾಲ್ಕು ವರ್ಷಗಳಲ್ಲಿ ಸುಮಾರು 15 ಸಾವಿರ ಗ್ರಾಹಕರ ಖಾತೆಗಳನ್ನು ಪರಿಶೀಲಿಸಿ 2014ರಲ್ಲಿ ಪ್ರಕಟಿಸಿದ ವರದಿಯಂತೆ, ಹಣ ಕಳೆದುಕೊಂಡವರು ಶೇ. 89. ಯುರೋಪಿನ ಒಕ್ಕೂಟದ ನಿಯಂತ್ರಣ ಸಂಸ್ಥೆ ಎಸ್ಮಾ 2018ರಲ್ಲಿ ಹೇಳಿದ್ದು ಶೇ. 74ರಿಂದ 89. ಆ ಬಳಿಕ ಅಲ್ಲಿ ಲಿವರೇಜನ್ನು ಪ್ರಮುಖ ಕರೆನ್ಸಿ ಜೋಡಿಗಳಿಗೆ ಮೂವತ್ತು ಪಟ್ಟಿಗೆ ಇಳಿಸಲಾಯಿತು, ಠೇವಣಿಗೆ ಬೋನಸ್ ಕೊಡುವುದನ್ನು ನಿಷೇಧಿಸಲಾಯಿತು. ಜೊತೆಗೆ ಪ್ರತಿಯೊಂದು ಬ್ರೋಕರ್ ಕಂಪೆನಿಯೂ 'ನಮ್ಮಲ್ಲಿ ವ್ಯಾಪಾರ ಮಾಡುವ ಸಾಮಾನ್ಯ ಗ್ರಾಹಕರಲ್ಲಿ ಶೇಕಡಾ ಇಷ್ಟು ಮಂದಿ ಹಣ ಕಳೆದುಕೊಳ್ಳುತ್ತಾರೆ' ಎಂದು ತನ್ನದೇ ಅಂಕಿಯನ್ನು ಜಾಹೀರಾತಿನಲ್ಲಿ ಬರೆಯಲೇಬೇಕೆಂದು ಕಡ್ಡಾಯ ಮಾಡಲಾಯಿತು.

ಇಲ್ಲೇ ಇರುವುದು ಇಡೀ ವಿಷಯದ ತಿರುಳು. ನಾನು ಕುಳಿತ ನಾಲ್ಕು ತರಗತಿಗಳ ಪೈಕಿ ಎರಡನ್ನು ನಡೆಸಿದ ಕಂಪೆನಿಗಳಿಗೆ ಯುರೋಪಿನಲ್ಲೂ ಶಾಖೆಗಳಿವೆ. ಅಲ್ಲಿಯ ಗ್ರಾಹಕರಿಗಾಗಿರುವ ಪುಟದ ನೆತ್ತಿಯ ಮೇಲೆ ಆ ಅಂಕಿ ಇದೆ. ನಮ್ಮ ಹುಡುಗರನ್ನು ಕೂರಿಸಿದ ತರಗತಿಯಲ್ಲಿ ಅದಿಲ್ಲ. ಕಾರಣ ಸರಳ. ನಮ್ಮವರನ್ನು ಸೇರಿಸಿಕೊಳ್ಳುವುದು ಯುರೋಪಿನ ಶಾಖೆಗಲ್ಲ, ಯಾವುದೋ ದ್ವೀಪರಾಷ್ಟ್ರದಲ್ಲಿ ನೋಂದಣಿಯಾದ ಇನ್ನೊಂದು ಶಾಖೆಗೆ. ಕೆಲವರು ಸೈಂಟ್ ವಿನ್ಸೆಂಟ್‌ನ ಕಾಗದವನ್ನು ತೋರಿಸಿ 'ನಾವು ಪರವಾನಿಗೆ ಪಡೆದವರು' ಎನ್ನುತ್ತಾರೆ. ಕರೆನ್ಸಿ ವ್ಯಾಪಾರದ ಬ್ರೋಕರುಗಳಿಗೆ ತಾನು ಪರವಾನಿಗೆ ಕೊಡುವುದೇ ಇಲ್ಲವೆಂದು ಆ ದೇಶದ ಹಣಕಾಸು ಪ್ರಾಧಿಕಾರವೇ ಬಹಿರಂಗವಾಗಿ ಹೇಳಿದೆ. ಜರ್ಮನಿಯ ಹುಡುಗನಿಗೆ ಹೇಳಲೇಬೇಕಾದ ಸತ್ಯವನ್ನು ಬಂಟ್ವಾಳದ ಹುಡುಗನಿಂದ ಮರೆಮಾಚಿ ಕೊಡುವ ಪಾಠವನ್ನು ಶಿಕ್ಷಣವೆಂದು ಕರೆಯಲು ನನ್ನಿಂದ ಸಾಧ್ಯವಿಲ್ಲ.

ಇನ್ನೊಂದು ಮರೆಮಾಚುವಿಕೆ ಕಾನೂನಿನದ್ದು. ಭಾರತದಲ್ಲಿ ವಾಸಿಸುವವರು ವಿದೇಶಿ ವಿನಿಮಯದ ವಹಿವಾಟನ್ನು ನಡೆಸಬಹುದಾದದ್ದು ಅಧಿಕೃತ ವ್ಯಕ್ತಿಗಳೊಂದಿಗೆ, ಅನುಮತಿಸಲಾದ ಉದ್ದೇಶಗಳಿಗಾಗಿ, ರಿಸರ್ವ್ ಬ್ಯಾಂಕಿನ ಅನುಮತಿಯುಳ್ಳ ವೇದಿಕೆಗಳಲ್ಲಿ ಅಥವಾ ಮಾನ್ಯತೆ ಪಡೆದ ಷೇರು ವಿನಿಮಯ ಕೇಂದ್ರಗಳಲ್ಲಿ ಮಾತ್ರ. ಅಲ್ಲಿಯೂ ರೂಪಾಯಿ ಒಳಗೊಂಡ ಕರಾರುಗಳಿಗೆ ನಿಜವಾದ ವಿದೇಶಿ ವಿನಿಮಯದ ಅಗತ್ಯವಿರಬೇಕೆಂಬುದನ್ನು ಬ್ಯಾಂಕು 2024ರಲ್ಲಿ ಮತ್ತೆ ನೆನಪಿಸಿದೆ. ವಿದೇಶಿ ಬ್ರೋಕರನಿಗೆ ಮಾರ್ಜಿನ್ ಕಟ್ಟಲು ಹಣ ಕಳುಹಿಸಲು ಉದಾರೀಕೃತ ಹಣ ರವಾನೆ ಯೋಜನೆಯಲ್ಲಿ ಅವಕಾಶವೇ ಇಲ್ಲ. ಉಲ್ಲಂಘಿಸಿದರೆ ಫೆಮಾ ಕಾಯ್ದೆಯಡಿ ಮೊತ್ತದ ಮೂರು ಪಟ್ಟಿನವರೆಗೂ ದಂಡ ಬೀಳಬಹುದು. 2022ರ ಸೆಪ್ಟೆಂಬರ್‌ನಲ್ಲಿ ಬ್ಯಾಂಕು 34 ಅನಧಿಕೃತ ವೇದಿಕೆಗಳ ಎಚ್ಚರಿಕೆ ಪಟ್ಟಿಯನ್ನು ಹೊರಡಿಸಿತು. 2024ರ ಅಕ್ಟೋಬರ್ ವೇಳೆಗೆ ಅದು 88ಕ್ಕೆ ಬೆಳೆದಿತ್ತು. ಪಟ್ಟಿಯಲ್ಲಿ ಹೆಸರಿಲ್ಲದ ಮಾತ್ರಕ್ಕೆ ಅಧಿಕೃತವೆಂದು ಭಾವಿಸಬೇಡಿ ಎಂದೂ ಹೇಳಿತು. ಗಮನಿಸಬೇಕಾದ ಅಂಶವೆಂದರೆ, 2023ರಿಂದ ಈ ಪಟ್ಟಿಯಲ್ಲಿ ಬ್ರೋಕರುಗಳು ಮಾತ್ರವಲ್ಲ, ಇಂತಹ ವೇದಿಕೆಗಳ ಪರವಾಗಿ ಪ್ರಚಾರ ಮಾಡುವವರೂ, ತರಬೇತಿ ಕೊಡುತ್ತೇವೆ ಎನ್ನುವವರೂ ಸೇರಿದ್ದಾರೆ. ಅಂದರೆ 'ನಾವು ಬರೇ ಕಲಿಸುವವರು' ಎಂಬ ಮಾತನ್ನು ರಿಸರ್ವ್ ಬ್ಯಾಂಕೇ ಒಪ್ಪಿಲ್ಲ. ಷೇರು ಮಾರುಕಟ್ಟೆಯ ಮಟ್ಟಿಗೆ ಸೆಬಿ 2025ರ ಜನವರಿಯಲ್ಲಿ ಇನ್ನೂ ಖಚಿತವಾದ ಗೆರೆ ಎಳೆಯಿತು: ಕೇವಲ ಶಿಕ್ಷಣ ನೀಡುವವನು ಕಳೆದ ಮೂರು ತಿಂಗಳ ಬೆಲೆಗಳನ್ನು ಬಳಸಿ ಪಾಠ ಮಾಡುವಂತಿಲ್ಲ. ಹಳೆಯ ನಕ್ಷೆಯಿಂದಲೂ ವಿದ್ಯೆ ಕಲಿಸಬಹುದು. ಇಂದಿನ ಬೆಲೆ ಬೇಕಾಗುವುದು ಇಂದೇ ಹಣ ಹಾಕಿಸಬೇಕಾದವನಿಗೆ. ನಾನು ಕಂಡ ನಾಲ್ಕರಲ್ಲಿ ಮೂರು ತರಗತಿಗಳು ಆ ಕ್ಷಣದ ಬೆಲೆಯ ಮೇಲೆಯೇ ನಡೆದವು.

ಬ್ಯಾಂಕಿನ ದಾರಿ ಮುಚ್ಚಿರುವಾಗ ಹಣ ಹೋಗುವುದು ಹೇಗೆ? ಆ ಹುಡುಗ ತೋರಿಸಿದ. ಪ್ರತಿಬಾರಿಯೂ ಬೇರೆ ಬೇರೆ ಅಪರಿಚಿತ ವ್ಯಕ್ತಿಯ ಯುಪಿಐ ಸಂಖ್ಯೆಗೆ. ಒಮ್ಮೆ ಬಿಹಾರದವರಂತೆ ಕಾಣುವ ಹೆಸರು, ಇನ್ನೊಮ್ಮೆ ಯಾವುದೋ ಬಟ್ಟೆ ಅಂಗಡಿ. ಅಂತಹ ಖಾತೆ ಯಾವುದಾದರೂ ಸೈಬರ್ ಅಪರಾಧದಲ್ಲಿ ಸಿಕ್ಕಿಬಿದ್ದರೆ ಅದರೊಂದಿಗೆ ವ್ಯವಹರಿಸಿದ ಖಾತೆಗಳನ್ನೂ ಪೊಲೀಸರು ಸ್ತಂಭನಗೊಳಿಸುತ್ತಾರೆ. ಮುಸ್ಲಿಮ್ ಯುವಕನೊಬ್ಬನ ಖಾತೆಯಿಂದ ಅಪರಿಚಿತರಿಗೆ ಹಣ ಹೋದ ದಾಖಲೆಯೊಂದು ಇಂದಿನ ವಾತಾವರಣದಲ್ಲಿ ಯಾವ ಸುದ್ದಿಯಾಗಿ ಮಾರ್ಪಡಬಹುದು ಎಂಬುದನ್ನು ಈ ಪತ್ರಿಕೆಯ ಓದುಗರಿಗೆ ವಿವರಿಸುವ ಅಗತ್ಯವಿಲ್ಲ. ದುಬೈಯಲ್ಲಿ ನೆಲೆಸಿರುವ ಅನಿವಾಸಿಗೆ ಕಾನೂನು ಬೇರೆ. ಅಲ್ಲಿಯ ಪರವಾನಿಗೆ ಪಡೆದ ಕಂಪೆನಿಯಲ್ಲಿ ಆತ ವ್ಯವಹರಿಸಬಹುದು. ಆದರೆ ಅಣ್ಣನ ಹೆಸರಿನ ಖಾತೆಯನ್ನು ಊರಲ್ಲಿರುವ ತಮ್ಮ ನಡೆಸುವುದು ಆ ವಿನಾಯಿತಿಯೊಳಗೆ ಬರುವುದಿಲ್ಲ.

ಕೊನೆಗೆ, ನಮ್ಮನ್ನೇ ಉದ್ದೇಶಿಸಿ ಸಿದ್ಧಪಡಿಸಿದ ಒಂದು ಪುಟದ ಬಗ್ಗೆ. ಮಲಯಾಳಂ ತರಗತಿಯಲ್ಲಿ ಹಸಿರು ಬಣ್ಣದ ಪರದೆಯೊಂದು ಮೂಡಿತು: 'ಇಸ್ಲಾಮಿಕ್ ಅಕೌಂಟ್, ನೂರಕ್ಕೆ ನೂರು ಹಲಾಲ್'. ವಿವರಣೆ ಒಂದೇ ವಾಕ್ಯ. ರಾತ್ರಿ ಕಳೆದು ಮರುದಿನಕ್ಕೆ ಮುಂದುವರಿಯುವ ವಹಿವಾಟಿಗೆ ಸಾಮಾನ್ಯ ಖಾತೆಗಳಲ್ಲಿ 'ಸ್ವಾಪ್' ಎಂಬ ಬಡ್ಡಿ ಇದೆ, ಇದರಲ್ಲಿ ಇಲ್ಲ. ಎಲ್ಲರೂ ಸಮಾಧಾನಗೊಂಡಂತೆ ಕಂಡಿತು. ಕಂಪೆನಿಯ ನಿಯಮಾವಳಿಯನ್ನು ಓದಿದಾಗ, ಕೆಲವು ದಿನಗಳ ಬಳಿಕ 'ಆಡಳಿತ ಶುಲ್ಕ' ಎಂಬ ಹೆಸರಲ್ಲಿ ರಾತ್ರಿಯೊಂದಕ್ಕೆ ಇಂತಿಷ್ಟು ವಸೂಲಿ ಮಾಡುವುದಾಗಿ ಅದರಲ್ಲಿತ್ತು. ಬಾಗಿಲಿನಿಂದ ಹೊರಟ ಬಡ್ಡಿ ಕಿಟಕಿಯಿಂದ ಬಂದು ಕೂತಿದೆ.

ನಾಣ್ಯ ವಿನಿಮಯ ಸ್ವತಃ ನಿಷಿದ್ಧವಲ್ಲ. ಸರ್ಫ್ ಎಂಬ ಹೆಸರಿನಲ್ಲಿ ಫಿಕ್‌ಹ್ ಗ್ರಂಥಗಳು ಅದನ್ನು ಕೂಲಂಕಷವಾಗಿ ಚರ್ಚಿಸಿವೆ. ಭಿನ್ನ ನಾಣ್ಯಗಳಾದರೆ ದರ ಹೆಚ್ಚುಕಮ್ಮಿಯಾಗಬಹುದು, ಆದರೆ ವಿನಿಮಯ ಕೈಯಿಂದ ಕೈಗೆ ಆಗಿಬಿಡಬೇಕು ಎಂಬುದು ಪ್ರವಾದಿ(ಸ)ರ ಬೋಧನೆಯಿಂದ ಪಡೆದ ಮೂಲ ನಿಯಮ. ಇಂಡೋನೇಷ್ಯಾದ ಉಲೆಮಾ ಮಂಡಳಿಯು 2002ರಲ್ಲಿ ತಕ್ಷಣ ಇತ್ಯರ್ಥವಾಗುವ ವಿನಿಮಯಕ್ಕೆ ಅನುಮತಿ ನೀಡಿ, ಸ್ವಾಪ್ ಮತ್ತು ಆಪ್ಷನ್‌ಗಳನ್ನು ತಳ್ಳಿಹಾಕಿತು. ಆದರೆ ಬ್ರೋಕರನಿಂದ ಸಾಲ ಪಡೆದು, ಆತನ ಮೂಲಕವೇ ವ್ಯಾಪಾರ ಮಾಡಬೇಕೆಂಬ ಷರತ್ತಿನೊಂದಿಗೆ ನಡೆಯುವ ಮಾರ್ಜಿನ್ ವ್ಯಾಪಾರವನ್ನು ರಾಬಿತಾದ ಫಿಕ್‌ಹ್ ಮಂಡಳಿಯು 2006ರ ಎಪ್ರಿಲ್‌ನಲ್ಲಿ ಮಕ್ಕಾದಲ್ಲಿ ಸೇರಿದ ಸಭೆಯಲ್ಲಿ ನಿಷಿದ್ಧವೆಂದು ತೀರ್ಮಾನಿಸಿತು. ಸಾಲ ಕೊಟ್ಟವನು ಆ ಸಾಲದ ನೆಪದಲ್ಲಿ ಲಾಭ ಪಡೆಯುತ್ತಾನೆ ಎಂಬುದು ಅದರ ಪ್ರಮುಖ ಆಕ್ಷೇಪ. ರಾತ್ರಿಯ ಬಡ್ಡಿಯನ್ನು ತೆಗೆದ ಮಾತ್ರಕ್ಕೆ ಈ ಆಕ್ಷೇಪ ಹೋಗುವುದಿಲ್ಲ. ಮಲೇಷ್ಯಾದ ರಾಷ್ಟ್ರೀಯ ಫತ್ವಾ ಸಮಿತಿಯು 2012ರಲ್ಲಿ, ವ್ಯಕ್ತಿಗಳು ಎಲೆಕ್ಟ್ರಾನಿಕ್ ವೇದಿಕೆಗಳ ಮೂಲಕ ನಡೆಸುವ ಸ್ಪಾಟ್ ಫಾರೆಕ್ಸನ್ನೇ ನಿಷಿದ್ಧವೆಂದಿತು. ವಿದ್ವಾಂಸರ ನಡುವೆ ವಿವರಗಳಲ್ಲಿ ಭಿನ್ನಾಭಿಪ್ರಾಯ ಇರಬಹುದು, ಅದು ಅವರಿಗೆ ಬಿಟ್ಟ ವಿಚಾರ. ಆದರೆ ಈ ಯಾವ ತೀರ್ಮಾನದ ಸುಳಿವನ್ನೂ ಕೊಡದೆ 'ನೂರಕ್ಕೆ ನೂರು' ಎಂದು ಬರೆಯುವ ಧೈರ್ಯ ಎಲ್ಲಿಂದ ಬಂತು? ಪ್ರಮಾಣಪತ್ರ ಕೊಟ್ಟ ವಿದ್ವಾಂಸರ ಹೆಸರು ಆ ಪರದೆಯಲ್ಲಿ ಇರಲಿಲ್ಲ.

'ಹಲಾಲ್ ಹೂಡಿಕೆ' ಎಂಬ ಎರಡು ಪದಗಳ ಮೇಲೆ ವಿಶ್ವಾಸವಿಟ್ಟು 2019ರ ಜೂನ್‌ನಲ್ಲಿ ಬೆಂಗಳೂರಿನ ಐಎಂಎ ಕಚೇರಿಯೆದುರು ರಸೀದಿ ಹಿಡಿದು ನಿಂತ ಸಾವಿರಾರು ಮಂದಿಯ ಚಿತ್ರ ಇನ್ನೂ ಮಾಸಿಲ್ಲ. ಅಂದು ಸಭೆಗಳು ನಡೆದವು, ಖುತ್ಬಾಗಳಲ್ಲಿ ಪ್ರಸ್ತಾಪವಾಯಿತು, ಜಾಗೃತಿ ಸಮಿತಿಗಳ ಮಾತು ಕೇಳಿಬಂತು. ಅಂದು ಮೋಸ ಹೋದವರಲ್ಲಿ ಹಿರಿಯರು, ವಿಧವೆಯರು, ನಿವೃತ್ತರು ಇದ್ದರು. ಈಗ ಬಲೆ ಬಿದ್ದಿರುವುದು ಅವರ ಮೊಮ್ಮಕ್ಕಳ ಕೋಣೆಯಲ್ಲಿ, ಕ್ಲಾಸ್ ಎಂಬ ಗೌರವದ ಹೆಸರಿನಲ್ಲಿ. ನಮ್ಮ ಜಮಾಅತ್‌ಗಳಲ್ಲಿ ಬ್ಯಾಂಕಿನಿಂದ ನಿವೃತ್ತರಾದವರಿದ್ದಾರೆ, ಲೆಕ್ಕಪರಿಶೋಧಕರಿದ್ದಾರೆ, ವಾಣಿಜ್ಯ ಉಪನ್ಯಾಸಕರಿದ್ದಾರೆ. ತಿಂಗಳಿಗೊಂದು ಭಾನುವಾರ ಮದ್ರಸದ ಕೋಣೆಯಲ್ಲಿ ಕುಳಿತು, ರೂಪಾಯಿ ಯಾಕೆ ಬೀಳುತ್ತದೆ, ಸ್ಪ್ರೆಡ್ ಎಂದರೇನು, ಫೆಮಾ ಏನು ಹೇಳುತ್ತದೆ ಎಂದು ಯುವಕರಿಗೆ ವಿವರಿಸಲು ಇವರಿಗೆ ಯಾವ ಕಂಪೆನಿಯ ಕಮಿಷನ್ನೂ ಬೇಕಾಗಿಲ್ಲ. ನಾನು ವಿಚಾರಿಸಿದ ಇಬ್ಬರು ಒಪ್ಪಿದ್ದಾರೆ. ಕೋಣೆಯ ಬೀಗದ ಕೈ ಯಾರ ಬಳಿ ಇದೆಯೆಂಬ ಚರ್ಚೆ ಮಾತ್ರ ಇನ್ನೂ ಮುಗಿದಿಲ್ಲ.

ನಾಲ್ಕನೆಯ ತರಗತಿಯ ಕೊನೆಯಲ್ಲಿ 'ಪ್ರಶ್ನೆಗಳಿದ್ದರೆ ಬರೆಯಿರಿ' ಎಂದರು. ನಾನು ಬರೆದೆ: ನಿಮ್ಮ ಗ್ರಾಹಕರಲ್ಲಿ ಶೇಕಡಾ ಎಷ್ಟು ಮಂದಿ ಹಣ ಕಳೆದುಕೊಂಡಿದ್ದಾರೆ? ಅರ್ಧ ನಿಮಿಷ ಅದು ಪರದೆಯ ಬದಿಯಲ್ಲಿತ್ತು, ಮತ್ತೆ ಕಾಣಲಿಲ್ಲ. ಮರುದಿನ ಹನ್ನೊಂದು ಗಂಟೆಗೆ ಫೋನ್ ಬಂತು. ಬಹಳ ವಿನಯದ ಧ್ವನಿ. ಸಲಾಂ ಹೇಳಿ, ನಿನ್ನೆಯ ಪಾಠ ಹೇಗಿತ್ತೆಂದು ವಿಚಾರಿಸಿ, ಇಂದೇ ಇನ್ನೂರು ಡಾಲರ್ ಕಟ್ಟಿದರೆ ಅದಕ್ಕೆ ಶೇ. 50 ಬೋನಸ್ ಇದೆಯೆಂದರು. ನಾನು ಅದೇ ಪ್ರಶ್ನೆಯನ್ನು ಮತ್ತೆ ಕೇಳಿದೆ. "ಅದನ್ನೆಲ್ಲ ಅಡ್ವಾನ್ಸ್ ಕ್ಲಾಸಿನಲ್ಲಿ ಹೇಳಿಕೊಡುತ್ತೇವೆ ಸರ್" ಎಂದರು.